ಹತ್ತು ವಾರದ ಆನ್‌ಲೈನ್ ತುಳು ಕ್ಲಾಸು: 2500 ರೂಪಾಯಿ ದಂಡವಾಯ್ತಾ?

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಪುರಾಣ ಆಮೇಲೆ. ಹತ್ತು ವಾರ. ಶನಿವಾರ, ಭಾನುವಾರ ಸಂಜೆ ಒಂದೊಂದು ಗಂಟೆ, ಒಟ್ಟು 20 ಕ್ಲಾಸು, ಎಲ್ಲ ವಿಡಿಯೊ ಕಾಲ್‌ನಲ್ಲಿ. ಫೀಸು 2500 ರೂಪಾಯಿ. ಜೂನ್‌ನಲ್ಲಿ ಶುರುವಾಗಿ ಆಗಸ್ಟ್ ಕೊನೆಗೆ ಮುಗಿಯಿತು. ಕ್ಲಾಸು ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ, ಆಗ ಅಷ್ಟು ಜೋಶಿನಲ್ಲಿದ್ದೆ. ಬೇಕಂತಲೇ ಆರು ತಿಂಗಳು ಕಾದೆ. ಕಲಿತದ್ದು ಊರಿನಲ್ಲಿ ನಡೆಯುತ್ತೋ ಇಲ್ವೋ ನೋಡದೆ ಭಾಷೆಯ ಕ್ಲಾಸಿಗೆ ಏನಂತ ಮಾರ್ಕು ಕೊಡೋದು? ಕ್ಲಾಸು ನಡೆಸುವವರ ಹೆಸರು ಹಾಕುತ್ತಿಲ್ಲ. ಹೊಗಳೋದರ ಜೊತೆ ಬೈಯೋದೂ ಇದೆ, ಮತ್ತೆ ಇಂಥ ಕ್ಲಾಸುಗಳು ಈಗ ಸುಮಾರಿವೆ, ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬೇರೆಯವಕ್ಕೂ ಹೊಂದೀತು.

ಸೇರಿದ್ದು ಯಾಕೆ ಅಂತ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನನ್ನ ಅಮ್ಮ ಕಾರ್ಕಳದ ಕಡೆಯವಳು, ಅಪ್ಪ ತುಮಕೂರಿನವರು, ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ರಾಜಾಜಿನಗರದಲ್ಲಿ. ಅಮ್ಮನ ಕುಟುಂಬದ ಮನೆಯಲ್ಲಿ ಹೋದ ಸಲ ನೇಮ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬಂದು ಮಾತಾಡುವ ಆರಾಧನೆ, ಆದಾಗ ಹೋಗಿದ್ದೆ. ರಾತ್ರಿ ಎರಡು ಗಂಟೆ ಇರಬೇಕು. ದೈವ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು ನುಡಿ ಕೊಡುತ್ತಿತ್ತು. ನನ್ನ ಸರದಿ ಬಂತು. ಕೈಮುಗಿದು ನಿಂತೆ. ಮೂರು ನಿಮಿಷ ಆದರೂ ಮಾತಾಡಿತು, ನನ್ನ ಮುಖ ನೋಡಿ, ನನ್ನ ಮಗಳ ತಲೆ ನೋಡಿ, ಸ್ವರ ಏರಿಸಿ ಇಳಿಸಿ. ಎಲ್ಲದಕ್ಕೂ ತಲೆ ಆಡಿಸಿದೆ. ಒಂದು ಪದ ಗೊತ್ತಾಗಲಿಲ್ಲ. ಹಿಂದೆ ಬಂದು ದೊಡ್ಡಮ್ಮನ ಮಗಳ ಹತ್ತಿರ, ಅಕ್ಕ, ಏನು ಹೇಳಿದ್ದು ಅಂತ ಕೇಳಿದರೆ, "ಎಲ್ಲ ಒಳ್ಳೇದಾಗ್ತದೆ ಅಂತ" ಅಂದಳು. ಮೂರು ನಿಮಿಷದ ಮಾತು, ಮೂರು ಪದದ ಅನುವಾದ. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಪೂರ್ತಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನನಗೇ ಅಂತ ಹೇಳಿದ ಮಾತು ನನಗೇ ಸಿಗಲಿಲ್ಲವಲ್ಲ.

ನಮ್ಮ ಮನೆಯಲ್ಲಿ ತುಳು ಅಂದರೆ ಫೋನಿನ ಭಾಷೆ. ಅಪ್ಪನ ಅಮ್ಮ ನಮ್ಮ ಜೊತೆಯಲ್ಲೇ ಇದ್ದರು, ಅವರ ಮುಂದೆ ಅವರಿಗೆ ತಿಳಿಯದ ಭಾಷೆ ಆಡುವುದು ಮರ್ಯಾದೆ ಅಲ್ಲ ಅಂತ ಅಮ್ಮ ಮಕ್ಕಳ ಜೊತೆ ಬರೀ ಕನ್ನಡ ಆಡಿದಳು. ರಾತ್ರಿ ಊರಿಗೆ ಫೋನು ಮಾಡಿದಾಗ ಮಾತ್ರ ತುಳು. ಅಮ್ಮ ಇದ್ದಕ್ಕಿದ್ದ ಹಾಗೆ ತುಳುವಿಗೆ ತಿರುಗಿದರೆ ವಿಷಯ ದುಡ್ಡಿನದ್ದು, ಕಾಯಿಲೆಯದ್ದು, ಇಲ್ಲ ನಮ್ಮಿಬ್ಬರ ಮಾರ್ಕ್ಸಿನದ್ದು ಅಂತ ನನಗೂ ತಮ್ಮನಿಗೂ ಗೊತ್ತಿತ್ತು. ನನಗೆ ಬರುತ್ತಿದ್ದ ಒಂದೇ ತುಳು ವಾಕ್ಯ "ಮನಿಪಂದೆ ಕುಲ್ಲು". ಸುಮ್ನೆ ಕೂತ್ಕೋ ಅಂತ. ಯಾಕೆ ಬರುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ತಮಾಷೆ ಏನೆಂದರೆ, ತುಳುನಾಡಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ನಿಮ್ಮ ಬರಿ, ಅಂದರೆ ಕುಲದ ಹೆಸರು, ಯಾವುದು ಅಂತ ಕೇಳಿದರೆ ತಾಯಿಯ ಬರಿ ಹೇಳಬೇಕು. ಆಸ್ತಿಯ ಲೆಕ್ಕ 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಬದಲಾಯಿತು. ಬರಿ ಮಾತ್ರ ಈಗಲೂ ಅಮ್ಮನದೇ. ಆ ಲೆಕ್ಕದಲ್ಲಿ ನಾನು ತುಮಕೂರಿನವಳಲ್ಲ, ಕಾರ್ಕಳದ ಆ ಮನೆಯವಳು, ನನ್ನ ಮಗಳೂ ಆ ಮನೆಯವಳೇ. ಮಾಮ ಪ್ರತಿ ಸಲ ಇದನ್ನೇ ಹೇಳುತ್ತಾರೆ. ಹೇಳುವುದು ಕನ್ನಡದಲ್ಲಿ, ನನಗೆ ಅರ್ಥವಾಗಲಿ ಅಂತ.

ಸರಿ, ಕ್ಲಾಸಿಗೆ ಬರೋಣ. ಮೊದಲ ದಿನ ಇಪ್ಪತ್ತೆರಡು ಜನ ಇದ್ದೆವು. ಮುಂಬೈಯ ಇಬ್ಬರು, ಅಜ್ಜನ ಕಾಲದಲ್ಲೇ ಹೋಟೆಲು ಇಡಲು ಹೋದ ಕುಟುಂಬದವರು. ಮರಾಠಿ, ಹಿಂದಿ ಚೆನ್ನಾಗಿ, ತುಳು ಅರೆಬರೆ, ಕನ್ನಡ ಓದಲು ಬರುವುದಿಲ್ಲ. ದುಬೈಯಿಂದ ಒಬ್ಬರು. ಉಡುಪಿಗೆ ವರ್ಗವಾದ ದಾವಣಗೆರೆಯ ಬ್ಯಾಂಕಿನವರು ಒಬ್ಬರು, ಕೌಂಟರಿಗೆ ಬರುವ ಅಜ್ಜಂದಿರು ಏನು ಬೈತಾರೆ ಅಂತಾದರೂ ತಿಳಿಯಬೇಕು ಅಂತ ಸೇರಿದ್ದರು. ಮಂಗಳೂರಿನ ಹುಡುಗನನ್ನು ಮದುವೆಯಾಗಲಿದ್ದ ಧಾರವಾಡದ ಹುಡುಗಿ ಒಬ್ಬಳು. ಉಳಿದವರು ನನ್ನಂಥವರು, ಅಪ್ಪನೋ ಅಮ್ಮನೋ ಆ ಕಡೆಯವರು, ಮನೆಯಲ್ಲಿ ಭಾಷೆ ಎಲ್ಲೋ ತಪ್ಪಿಹೋದವರು. 2011ರ ಜನಗಣತಿಯಲ್ಲಿ ತುಳು ತಾಯಿನುಡಿ ಅಂತ ಬರೆಸಿದವರು 18 ಲಕ್ಷ 46 ಸಾವಿರ ಚಿಲ್ಲರೆ. ನನ್ನಂಥವರು ಅದರಲ್ಲಿ ಬರುವುದಿಲ್ಲ, ನಾವು ಕನ್ನಡದ ಖಾತೆಗೆ ಜಮಾ. ಹತ್ತನೇ ವಾರಕ್ಕೆ ಉಳಿದದ್ದು ಒಂಬತ್ತು ಜನ.

ಮೇಷ್ಟ್ರು ಒಳ್ಳೆಯವರು. ಮಂಗಳೂರಿನವರು, ಮಾತಿನಲ್ಲಿ ನಗು ಜಾಸ್ತಿ. ಶುರು ಮಾಡಿದ ರೀತಿ ನನಗೆ ತುಂಬ ಹಿಡಿಸಿತು. ಎದುರಿಗಿರುವವರಲ್ಲಿ ಹೆಚ್ಚಿನವರಿಗೆ ಕನ್ನಡ ಗೊತ್ತು ಅನ್ನೋದನ್ನೇ ಮೆಟ್ಟಿಲು ಮಾಡಿಕೊಂಡರು. ಕನ್ನಡದ ಹ ತೆಗೆದು ಪ ಹಾಕಿ ನೋಡಿ ಅಂದರು. ಹುಲಿ ಅಂದರೆ ಪಿಲಿ. ಹೂವು ಅಂದರೆ ಪೂ. ಹೋಗು ಅನ್ನೋದಕ್ಕೆ ಪೋ. ಹೆಸರಿಗೆ ಪುದರ್. ಹಳಗನ್ನಡದಲ್ಲಿ ನಾವೂ ಪುಲಿ, ಪೂ, ಪೆಸರ್ ಅಂತಲೇ ಅನ್ನುತ್ತಿದ್ದೆವು, ಆಮೇಲೆ ನಾವು ಹಕಾರಕ್ಕೆ ಹೋದೆವು, ತುಳುವರು ಹೋಗಲಿಲ್ಲ. ಹೈಸ್ಕೂಲಿನಲ್ಲಿ ಪಂಪನ ಪದ್ಯ ಬಾಯಿಪಾಠ ಮಾಡಿ ಬೈದುಕೊಂಡದ್ದು ಮೂವತ್ತು ವರ್ಷ ಆದ ಮೇಲೆ ಉಪಯೋಗಕ್ಕೆ ಬಂತು. ಆದರೆ ಈ ಉಪಾಯವನ್ನು ನಂಬಿ ಕೂರಬೇಡಿ. ನಮ್ಮ ಬ್ಯಾಂಕಿನವರು ಉತ್ಸಾಹದಲ್ಲಿ ಹಾಲಿಗೆ "ಪಾಲ್" ಅಂದರು. ತುಳುವಿನಲ್ಲಿ ಹಾಲಿಗೆ ಪೇರ್ ಅನ್ನುತ್ತಾರೆ. ಪಾಲ್ ಅಂದರೆ ಆಸ್ತಿಯ ಪಾಲು. ಬೆಳಿಗ್ಗೆ ಎದ್ದು ಅತ್ತೆ ಮನೆಯಲ್ಲಿ ಪಾಲ್ ಕೇಳಿದರೆ ಮನೆ ಒಡೆಯುತ್ತದೆ ಅಂದರು ಮೇಷ್ಟ್ರು.

ಇನ್ನೊಂದು ಹೊಂಡ, ಇದಕ್ಕೆ ಎಲ್ಲರೂ ಬಿದ್ದೆವು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಗೊತ್ತಿದ್ದೂ ಬೀಳುತ್ತೀರಿ. "ಅಮ್ಮೆರ್ ಪೇಂಟೆಗ್ ಪೋತೆರ್" ಅಂತ ಬೋರ್ಡಿನಲ್ಲಿ ಬರೆದರು, ಹದಿನೈದು ಜನ ಒಟ್ಟಿಗೆ "ಅಮ್ಮ ಪೇಟೆಗೆ ಹೋಗಿದ್ದಾರೆ" ಅಂದೆವು. ಹೋದದ್ದು ಅಪ್ಪ. ಈಗ ಪಟ್ಟಣದ ತುಳು ಮನೆಗಳಲ್ಲಿ ಮಕ್ಕಳು ಕರೆಯುವುದು ಅಮ್ಮ, ಪಪ್ಪ ಅಂತಲೇ, ಹಾಗಾಗಿ ದಿನದ ಮಾತಿನಲ್ಲಿ ಗಂಡಾಂತರ ಇಲ್ಲ. ಆದರೆ ಅಜ್ಜಿ ಹೇಳುತ್ತಿದ್ದ ಹಳೆಯ ಕಥೆಯ ರೆಕಾರ್ಡಿಂಗ್ ಒಂದು ಅಮ್ಮನ ಫೋನಿನಲ್ಲಿದೆ. ಅದನ್ನು ಈಗ ಕೇಳಿದರೆ ಪೂರ್ತಿ ಉಲ್ಟಾ ತಿಳಿದುಕೊಂಡಿದ್ದೆ ಅಂತ ಗೊತ್ತಾಯಿತು. ನಾನು ಇಷ್ಟು ದಿನ ಪಾಪ ಅಂದುಕೊಂಡಿದ್ದ ಹೆಂಗಸು ಅದರಲ್ಲಿ ಇಲ್ಲವೇ ಇಲ್ಲ.

ಈ ಕ್ಲಾಸಿಗೆ ಕೊಟ್ಟ ದುಡ್ಡು ವಸೂಲಾದದ್ದು ನಾಲ್ಕನೇ ವಾರ. ಅವತ್ತು ಒಂದು ಗಂಟೆ ಪೂರ್ತಿ ಒಂದೇ ಸ್ವರದ ಮೇಲೆ ಕೂತೆವು. "ಯಾನ್ ಬತ್ತೆ" ಅಂದರೆ ನಾನು ಬಂದೆ. "ಆಯೆ ಬತ್ತೆ" ಅಂದರೆ ಅವನು ಬಂದ. ಬರೆದರೆ ಎರಡೂ ಬತ್ತೆ. ಆಡಿದರೆ ಬೇರೆ ಬೇರೆ. ಅವನು ಬಂದಾಗ ಕೊನೆಯ ಎ ನಮ್ಮ ಕನ್ನಡದ ಎ ತರಹವೇ. ನಾನು ಬಂದಾಗ ಬಾಯಿ ಇನ್ನೂ ಸ್ವಲ್ಪ ತೆರೆಯಬೇಕು, ಇಂಗ್ಲಿಷಿನ ಕ್ಯಾಟ್ ಅನ್ನುವಾಗ ಬರುತ್ತದಲ್ಲ, ಆ ಸದ್ದಿನ ಹತ್ತಿರ. ಕನ್ನಡ ಲಿಪಿಯಲ್ಲಿ ಇದಕ್ಕೆ ಅಕ್ಷರವೇ ಇಲ್ಲ. ಪುಸ್ತಕ ನೋಡಿ ತುಳು ಕಲಿಯುತ್ತೇನೆ ಅನ್ನುವವರು ಜನ್ಮದಲ್ಲಿ ಇದನ್ನು ಹಿಡಿಯಲಾರರು, ಯಾರಾದರೂ ಕಿವಿ ಹತ್ತಿರ ಕೂತು ಹೇಳಿಕೊಡಬೇಕು. ಮೇಷ್ಟ್ರು ಒಬ್ಬೊಬ್ಬರ ಮೈಕ್ ಆನ್ ಮಾಡಿಸಿ, ಇಪ್ಪತ್ತು ಸಲ ಅನ್ನಿಸಿ, ಕಣ್ಣು ಮುಚ್ಚಿಕೊಂಡು ಕೇಳಿ, "ಈಗ ಬಂದದ್ದು ನೀವಾ, ಅವನಾ?" ಅಂತ ಕೇಳುತ್ತಿದ್ದರು. ನನ್ನ ಬಾಯಲ್ಲಿ ಹದಿನಾರು ಸಲ ಅವನೇ ಬಂದ. ಸೋಫಾದ ಮೂಲೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದ ಏಳು ವರ್ಷದ ಮಗಳು ತಲೆ ಎತ್ತದೆ ಒಂದೇ ಸಲಕ್ಕೆ ಸರಿಯಾಗಿ ಅಂದಳು. ಅವಳಿಗೆ ಫೀಸು ಕಟ್ಟಿರಲಿಲ್ಲ.

ಸಣ್ಣ ವಿಷಯ ಅನ್ನಿಸುತ್ತದೆ, ಅಲ್ಲ. ಹೋಂವರ್ಕು ಏನಿತ್ತು ಗೊತ್ತಾ, ವಾರಕ್ಕೊಮ್ಮೆ ಮನೆಯ ಹಿರಿಯರೊಬ್ಬರಿಗೆ ಫೋನು ಮಾಡಿ ಐದು ನಿಮಿಷ ತುಳುವಿನಲ್ಲೇ ಮಾತಾಡಬೇಕು. ಇಡೀ ಕೋರ್ಸಿನಲ್ಲಿ ಇದಕ್ಕಿಂತ ಒಳ್ಳೆಯ ಐಡಿಯಾ ಇನ್ನೊಂದಿಲ್ಲ, ಊರಿನಲ್ಲಿ ಯಾರೂ ಇಲ್ಲದವರಿಗೆ ಮೇಷ್ಟ್ರ ಅತ್ತೆಯೇ ಫೋನಿನಲ್ಲಿ ಸಿಗುತ್ತಿದ್ದರು. ನಾನು ಮಾಮನಿಗೆ ಮಾಡಿದೆ. "ಕೋಡೆ ಮೈಸೂರುಗು ಪೋಯೆ" ಅಂದೆ, ನಿನ್ನೆ ಮೈಸೂರಿಗೆ ಹೋಗಿದ್ದೆ ಅಂತ. ಆ ಕಡೆಯಿಂದ ಮಾಮ, "ಏರ್ ಪೋಯಿನಿ?" ಯಾರು ಹೋದದ್ದು? ಬಾಯಿ ಸಾಕಷ್ಟು ತೆರೆದಿರಲಿಲ್ಲ. ಮೈಸೂರಿಗೆ ಹೋದದ್ದು ಯಾವನೋ ಆಗಿಬಿಟ್ಟಿದ್ದ. ಮಾಮ ಅದನ್ನು ಇವತ್ತಿಗೂ ಬಿಟ್ಟಿಲ್ಲ, ನಾನು ಎಲ್ಲಿಗೆ ಹೋಗಿದ್ದೆ ಅಂದರೂ ಏರ್ ಪೋಯಿನಿ ಅಂತಲೇ ಕೇಳುವುದು. ಆದರೆ ಒಂದು ಬದಲಾವಣೆ ಆಗಿದೆ. ಮುಂಚೆ ನಮ್ಮಿಬ್ಬರ ಫೋನು ಹುಷಾರಾ, ಊಟ ಆಯ್ತಾ, ಅಮ್ಮನಿಗೆ ಕೊಡು, ಇಷ್ಟರಲ್ಲಿ ಮುಗಿಯುತ್ತಿತ್ತು. ಈಗ ಇಪ್ಪತ್ತು ನಿಮಿಷ ಹೋಗುತ್ತದೆ. ತುಳುವಿನಲ್ಲಿ ಮಾಮ ಬೇರೆಯೇ ಮನುಷ್ಯ, ಇಷ್ಟು ಚಾಡಿ ಹೇಳುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಾವು ಅನ್ನುವುದಕ್ಕೆ ತುಳುವಿನಲ್ಲಿ ಎರಡು ಪದ. ಎದುರಿಗಿರುವವರನ್ನು ಸೇರಿಸಿಕೊಂಡು ಹೇಳಿದರೆ ನಮ. ಅವರನ್ನು ಬಿಟ್ಟು ಹೇಳಿದರೆ ಎಂಕುಲು. "ನಮ ಪೋಯಿ" ಅಂದರೆ ಎಲ್ಲ ಹೋಗೋಣ ಬನ್ನಿ. "ಎಂಕುಲು ಪೋಪ" ಅಂದರೆ ನಾವು ಹೋಗುತ್ತೇವೆ, ನೀವು ಇಲ್ಲೇ ಇರಿ. ಕನ್ನಡದವರಿಗೆ ಎರಡಕ್ಕೂ ನಾವು ಒಂದೇ, ಅದಕ್ಕೆ ತಲೆ ತಿರುಗುತ್ತದೆ. ಆಟೊದವನಿಗೆ ದಾರಿ ತೋರಿಸುವಾಗ "ನಮ್ಮ ಇಲ್ಲ್" ಅಂದರೆ ಮನೆಯಲ್ಲಿ ಅವನಿಗೂ ಒಂದು ರೂಮು ಕೊಡಬೇಕಾಗುತ್ತದೆ, "ಎಂಕ್ಲೆನ ಇಲ್ಲ್" ಅನ್ನಿ ಅಂತ ಮೇಷ್ಟ್ರು ಎಚ್ಚರಿಸಿದರು. ಇದು ತಲೆಗೆ ಹೋದ ಮೇಲೆ ನನಗೆ ಒಂದು ಕೆಟ್ಟ ಚಟ ಹತ್ತಿತು, ನೆಂಟರು ಫೋನಿನಲ್ಲಿ ನನ್ನ ಹತ್ತಿರ ಯಾವ ನಾವು ಬಳಸುತ್ತಾರೆ ಅಂತ ಎಣಿಸುವುದು. ಮಾಮ ಯಾವಾಗಲೂ ನಮ್ಮ ಇಲ್ಲ್. ಒಬ್ಬ ಚಿಕ್ಕಮ್ಮ ಎಂಕ್ಲೆನ. ಅವರಿಗೆ ಹಳೆಯ ಜಮೀನಿನ ಪಂಚಾಯ್ತಿಕೆ ಇನ್ನೂ ಮನಸ್ಸಿನಲ್ಲಿದೆ ಅಂತ ಅಮ್ಮ ಹೇಳಿದಳು, ಇದ್ದರೂ ಇರಬಹುದು.

ಈಗ ಬೈಯುವ ಭಾಗ.

ಈ ಕ್ಲಾಸು ಕಲಿಸುವುದು ಒಂದೇ ತುಳು, ಮಂಗಳೂರು ಪೇಟೆಯ ತುಳು. ಅದು ತಪ್ಪಲ್ಲ, ಎಲ್ಲಿಂದಲೋ ಶುರು ಮಾಡಬೇಕಲ್ಲ. ಆದರೆ ಬೇರೆಯದೆಲ್ಲ ತಪ್ಪು ಅನ್ನುವ ಧಾಟಿ ಬಂದಾಗ ನನಗೆ ಸಿಟ್ಟು ಬಂತು. ನಮ್ಮ ಬ್ಯಾಚಿನಲ್ಲಿ ಶಿವಳ್ಳಿ ಬ್ರಾಹ್ಮಣರ ಮನೆಯ ಹುಡುಗನೊಬ್ಬ ಇದ್ದ, ಅಮೆರಿಕದಲ್ಲಿ ಹುಟ್ಟಿದವನು. ಅಜ್ಜಿ ಹತ್ತಿರ ಕೇಳಿ ಕೇಳಿ ನಾಲ್ಕು ಮಾತು ಬರುತ್ತಿತ್ತು. ಇಲ್ಲ ಅನ್ನುವುದಕ್ಕೆ ಅವನು "ಇದ್ದಿ" ಅಂದ. ಕನ್ನಡದ ಕಿವಿಗೆ ಇದೆ ಅಂದ ಹಾಗೆ ಕೇಳುತ್ತದೆ, ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಮೇಷ್ಟ್ರು, "ಇದ್ದಿ ಅಲ್ಲ ಮಾರಾಯ್ರೆ, ಇಜ್ಜಿ. ಸರಿ ಮಾಡಿಕೊಳ್ಳಿ" ಅಂದರು. ಅವನು ನಾನು ಅನ್ನುವುದಕ್ಕೆ "ಏನ್" ಅಂದ, ಅದನ್ನೂ "ಯಾನ್" ಅಂತ ತಿದ್ದಿದರು. ಮುಂದಿನ ವಾರದಿಂದ ಆ ಹುಡುಗನ ಕ್ಯಾಮೆರಾ ಆಫ್. ಅದರ ಮುಂದಿನ ವಾರ ಅವನೇ ಇಲ್ಲ.

ಅವನು ಆಡಿದ್ದು ತಪ್ಪಲ್ಲವೇ ಅಲ್ಲ. ಬ್ರಾಹ್ಮಣರ ತುಳುವಿನಲ್ಲಿ ಇದ್ದಿ ಅನ್ನುವುದೇ ಸರಿ, ಏನ್ ಅನ್ನುವುದೇ ಸರಿ. ಉಳಿದವರ ತುಳುವಿನಲ್ಲಿ ಸವೆದು ಹೋದ ಣ, ಳ ಅವರಲ್ಲಿ ಗಟ್ಟಿಯಾಗಿ ಉಳಿದಿವೆ. ಜೈನರ ತುಳು ಇನ್ನೊಂದು ತರಹ, ಪದದ ಮೊದಲ ತ, ಸ ಎಲ್ಲ ಹ ಆಗುತ್ತದೆ. ತಲೆಗೆ ನಾವು ತರೆ ಅಂದರೆ ಅವರು ಹರೆ ಅನ್ನುತ್ತಾರೆ, ದಾರಿಗೆ ಸಾದಿ ಅಂದರೆ ಹಾದಿ. ಕಾರ್ಕಳದ ಕಡೆ ಹುಟ್ಟಿದ ಅಮ್ಮನಿಗೆ ಇದೆಲ್ಲ ಹೊಸದೇನಲ್ಲ, ಪಕ್ಕದ ಮನೆಯವರು ಹಾಗೆ, ನಾವು ಹೀಗೆ, ಅಷ್ಟೇ. ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲವಂತೆ. ಅಜ್ಜಿಯ ಬಾಯಿಂದ ಬಂದ ನಾಲ್ಕು ಪದ ಕೈಯಲ್ಲಿ ಹಿಡಿದುಕೊಂಡು ಬಂದ ಹುಡುಗನಿಗೆ ನಿನ್ನ ಅಜ್ಜಿಯೇ ತಪ್ಪು ಅಂದ ಹಾಗಾಯಿತು. ಅವನು ಬಂದದ್ದೇ ಅಜ್ಜಿಗಾಗಿ.

ಇದನ್ನು ನಾನು ಸುಮ್ನೆ ಬಿಡಲಿಲ್ಲ, ಮೇಷ್ಟ್ರಿಗೆ ಬೇರೆಯಾಗಿ ಮೆಸೇಜ್ ಹಾಕಿದೆ. ತುಳು ನಿಘಂಟು ಅಂತ ಒಂದಿದೆ, ಆರು ಸಂಪುಟ, 1988ರಿಂದ 1997ರವರೆಗೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದದ್ದು, ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಅದರ ದೊಡ್ಡ ಗುಣವೇ ಒಂದು ಪದ ಯಾವ ಊರಿನಲ್ಲಿ, ಯಾವ ಸಮುದಾಯದಲ್ಲಿ ಹೇಗೆ ಬದಲಾಗುತ್ತದೆ ಅಂತ ಒಟ್ಟಿಗೆ ಕೊಟ್ಟಿರುವುದು. ಅದಕ್ಕೂ ನೂರು ವರ್ಷ ಮುಂಚೆ, 1886ರಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿ ಮ್ಯಾನರ್ ತುಳು ಇಂಗ್ಲಿಷ್ ನಿಘಂಟು ಮಾಡಿದ್ದರು. ಇಷ್ಟೆಲ್ಲ ಕೆಲಸ ಆಗಿರುವ ಭಾಷೆಯಲ್ಲಿ ಒಂದು ಪದವನ್ನು ತಪ್ಪು ಅನ್ನುವ ಮುಂಚೆ ಪುಟ ತಿರುಗಿಸಿ ನೋಡಬಹುದಿತ್ತು ಅಂತ ಬರೆದೆ. ಸ್ವಲ್ಪ ಖಾರವೇ ಆಯಿತು. ಮೇಷ್ಟ್ರು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ, "ನೀವು ಹೇಳಿದ್ದು ಹೌದು. ಅವನಿಗೆ ಫೋನು ಮಾಡಿದ್ದೆ" ಅಂತ ಬಂತು. ಅವನು ವಾಪಸ್ ಬರಲಿಲ್ಲ. ಆದರೆ ಆಮೇಲಿನ ಕ್ಲಾಸುಗಳಲ್ಲಿ "ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?" ಅಂತ ಕೇಳುವುದು ಶುರುವಾಯಿತು, ಅಲ್ಲಿಂದ ಕ್ಲಾಸಿನ ರುಚಿಯೇ ಬೇರೆ ಆಯಿತು. ಇದನ್ನು ಮೊದಲ ವಾರದಿಂದಲೇ ಮಾಡಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ಕ್ಲಾಸಿನಲ್ಲಿ ಎಲ್ಲರ ಬರಿ ಯಾವುದು ಅಂತ ಕೇಳುವುದನ್ನೂ ಬಿಡಬೇಕು. ಮಳೆಗಾಲದ ಆಟಿ ತಿಂಗಳು ಬಂದಾಗ ಆನ್‌ಲೈನಿನಲ್ಲೇ "ಆಟಿಡೊಂಜಿ ದಿನ", ಆಟಿಯಲ್ಲೊಂದು ದಿನ, ಅಂತ ಮಾಡಿದರು. ಚೆನ್ನಾಗಿತ್ತು. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಅಂತ ತಿಂಗಳ ಹೆಸರುಗಳು, ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು, ಪತ್ರೊಡೆ ಎಲ್ಲ ಬಂತು. ಆ ಕಷಾಯದ ಕಹಿ ನನಗೆ ಗೊತ್ತು, ಒಂದು ವರ್ಷ ಅಜ್ಜಿ ಮೂಗು ಹಿಡಿದು ಕುಡಿಸಿದ್ದು ಗಂಟಲಲ್ಲಿ ಇನ್ನೂ ಇದೆ. ಅದೇ ಮಾತಿನ ಓಟದಲ್ಲಿ ಎಲ್ಲರೂ ನಿಮ್ಮ ನಿಮ್ಮ ಬರಿ ಹೇಳಿ ಅಂದರು. ಕೆಲವರು ಖುಷಿಯಿಂದ ಹೇಳಿದರು. ಮುಂಬೈಯ ಒಬ್ಬರು ಪ್ರಾಟೆಸ್ಟಂಟರು, ಅವರ ಮನೆಮಾತು ತಲೆತಲಾಂತರದಿಂದ ತುಳುವೇ, ಅವರು ಸುಮ್ಮನಾದರು. ಬ್ಯಾಂಕಿನವರೂ ಸುಮ್ಮನಾದರು. ತುಳು ಆಡುವವರೆಲ್ಲ ಬರಿ ಇರುವವರಲ್ಲ. ಬರಿ ಹೇಳಿದರೆ ಎಷ್ಟೋ ಸಲ ಜಾತಿಯನ್ನೂ ಹೇಳಿದ ಹಾಗೆ. ನನ್ನ ಬರಿಯ ಬಗ್ಗೆ ನನಗೆ ಅಭಿಮಾನ ಇದೆ, ಅದು ನನ್ನ ಮನೆಯೊಳಗಿನ ವಿಷಯ. ದುಡ್ಡು ಕೊಟ್ಟು ಸೇರಿದ ಕ್ಲಾಸಿನಲ್ಲಿ ಹಾಜರಿ ಕೂಗುವ ಹಾಗೆ ಕೇಳಬಾರದು.

ಕೊನೆಯ ಎರಡು ವಾರ ಲಿಪಿ. ಇದರಲ್ಲಿ ಬೇರೆಯವರಿಗೆ ಬೇರೆ ಅಭಿಪ್ರಾಯ ಇರಬಹುದು, ನನಗಂತೂ ಅವಸರ ಅನ್ನಿಸಿತು. ಹಳೆಯ ತಾಳೆಗರಿಗಳ ಲಿಪಿ, ನೋಡಲು ಚಂದ, ಸ್ವಲ್ಪ ಮಲಯಾಳದ ನೆಂಟಸ್ತಿಕೆ ಕಾಣುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ, ಅಂದರೆ ಕಂಪ್ಯೂಟರುಗಳ ಅಕ್ಷರಪಟ್ಟಿಯಲ್ಲಿ, ಈ ಲಿಪಿ ತುಳು ತಿಗಳಾರಿ ಅನ್ನುವ ಹೆಸರಿನಲ್ಲಿ ಸೇರಿದೆ, ಅದು ಸಣ್ಣ ಸುದ್ದಿಯಲ್ಲ. ಆದರೆ ಬ್ಯಾಂಕಿನವರಿಗೆ ಇನ್ನೂ "ಕುಲ್ಲುಲೆ" ಅಂತ ಗಿರಾಕಿಯನ್ನು ಕೂರಿಸಲು ಧೈರ್ಯ ಬಂದಿರಲಿಲ್ಲ, ಅಷ್ಟರಲ್ಲಿ ಅಕ್ಷರ ತೀಡಲು ಕೂರಿಸಿದರು. ನಾಲ್ಕು ಗಂಟೆಯಲ್ಲಿ ಲಿಪಿ ಬರುವುದಿಲ್ಲ. ನನಗೆ ನನ್ನ ಹೆಸರು ಬರೆಯಲು ಬಂತು, ಈಗ ಅದೂ ಮರೆತಿದೆ. ಆ ನಾಲ್ಕು ಗಂಟೆ ಮಾತಿಗೆ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಲಿಪಿ ಬೇಕಾದವರಿಗೆ ಬೇರೆ ಬ್ಯಾಚು ಮಾಡಲಿ.

ಉಳಿದದ್ದು ಬೇಗ ಹೇಳುತ್ತೇನೆ. ಪಿಡಿಎಫ್ ನೋಟ್ಸು ಸಾಧಾರಣ, ಅಲ್ಲಲ್ಲಿ ಅಚ್ಚಿನ ತಪ್ಪು, ಕನ್ನಡ ಬಾರದ ಮುಂಬೈಯವರಿಗೆ ಉಪಯೋಗವೇ ಇಲ್ಲ. ಕ್ಲಾಸಿನ ರೆಕಾರ್ಡಿಂಗ್ ಒಂದು ತಿಂಗಳು ಮಾತ್ರ ಇಟ್ಟು ತೆಗೆದುಬಿಡುತ್ತಾರೆ, ಇದು ಜಿಪುಣತನ. ಸ್ವರ ಕೇಳಿ ಕಲಿಯುವ ಭಾಷೆಗೆ ರೆಕಾರ್ಡಿಂಗೇ ಪಠ್ಯಪುಸ್ತಕ. ವಾಟ್ಸಾಪ್ ಗುಂಪು ಮೊದಲ ವಾರ ತುಳು, ಎರಡನೇ ವಾರದಿಂದ ಗುಡ್ ಮಾರ್ನಿಂಗ್ ಹೂವು. ಒಂದು ಕ್ಲಾಸು ಮಂಗಳೂರಿನ ಮಳೆಗೆ ಕರೆಂಟು ಹೋಗಿ ತಪ್ಪಿತು, ಬದಲಿ ಕ್ಲಾಸು ಮಾಡಿಕೊಟ್ಟರು, ಆ ವಿಷಯದಲ್ಲಿ ಪ್ರಾಮಾಣಿಕರು.

ಮೊಬೈಲಿನಲ್ಲೇ ತುಳು ಅನುವಾದ ಸಿಗುವಾಗ ಕ್ಲಾಸು ಯಾಕೆ ಅಂತ ಗಂಡ ಕೇಳಿದರು. ನಿಜ, 2024ರ ಜೂನ್‌ನಲ್ಲಿ ಗೂಗಲ್ ಒಂದೇ ಸಲ 110 ಭಾಷೆ ಸೇರಿಸಿದಾಗ ತುಳುವೂ ಬಂತು, ನಾನೂ ಪದ ಹುಡುಕಲು ಬಳಸುತ್ತೇನೆ. ಆದರೆ ಪರದೆಯ ಮೇಲೆ ಕಾಣುವುದು ಬತ್ತೆ ಅಂತ ಅಷ್ಟೇ. ಬಂದದ್ದು ನಾನಾ, ಅವನಾ ಅಂತ ಬಾಯಿ ಹೇಳಬೇಕು.

ಯಾರು ಸೇರಬಹುದು? ಮಾತಾಡಲು ಊರಿನಲ್ಲಿ ಒಬ್ಬರಾದರೂ ಇದ್ದರೆ ಸೇರಿ, 2500 ಕ್ಕೆ ಮೋಸ ಇಲ್ಲ. ಯಾರೂ ಇಲ್ಲದೆ ಬರೀ ಕ್ಲಾಸು ನಂಬಿ ಕೂತರೆ ಹತ್ತು ವಾರಕ್ಕೆ ಒಂಜಿ, ರಡ್ಡ್, ಮೂಜಿ ಅಂತ ಎಣಿಸಲು ಬರುತ್ತದೆ, ಒಣಸ್ ಆಂಡಾ ಅಂತ ಊಟ ಆಯ್ತಾ ಕೇಳಲು ಬರುತ್ತದೆ, ಮೂರು ತಿಂಗಳಲ್ಲಿ ಅದೂ ಹೋಗುತ್ತದೆ. ಸೇರುವ ಮುಂಚೆ ನಿಮ್ಮ ಮನೆಯ ತುಳು ಯಾವುದು ಅಂತ ಕೇಳಿಕೊಳ್ಳಿ, ಮೊದಲ ದಿನವೇ ಮೇಷ್ಟ್ರಿಗೆ ಹೇಳಿ. ತಿದ್ದಿದರೆ ತಿದ್ದಿಸಿಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರು. ಆ ಹುಡುಗ ಉಳಿದಿದ್ದರೆ ನಾಲ್ಕು.

ಫೆಬ್ರವರಿಯಲ್ಲಿ ಮತ್ತೆ ಊರಿಗೆ ಹೋದೆವು. ಅಂಗಳಕ್ಕೆ ಕಾಲಿಟ್ಟವಳೇ ದೊಡ್ಡಮ್ಮನಿಗೆ "ದಾದ ವಿಶೇಷ?" ಅಂತ ಕೇಳಿದೆ. ಅಡುಗೆಮನೆಯಿಂದ ನಗುವಿನ ಸದ್ದು. ನಮ್ಮ ಮನೆಯಲ್ಲಿ ಏನು ಅನ್ನುವುದಕ್ಕೆ ದಾನೆ ಅನ್ನುವುದು, ದಾದ ಅಂತ ಆಡುವುದು ಮಂಗಳೂರಿನವರು. "ಇವಳು ಪೇಟೆಯಿಂದ ತುಳು ತಂದಿದ್ದಾಳೆ" ಅಂತ ದೊಡ್ಡಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಯೇ ಹೇಳಿದರು, ಅಂಗಡಿಯಿಂದ ಸಾಮಾನು ತಂದ ಹಾಗೆ. "ನಿಕ್ಕ್ ಏರ್ ಕಲ್ಪಾಯಿನಿ?" ಅಂತ ಕೇಳಿದವರಿಗೆ, ಯಾರು ಕಲಿಸಿದ್ದು ಅಂತ, ಕಂಪ್ಯೂಟರಿನಲ್ಲಿ ಅಂದರೆ ಯಾರೂ ನಂಬಲಿಲ್ಲ. ಆದರೆ ಊಟಕ್ಕೆ ಕೂತಾಗ ಯಾರೂ ನನಗಾಗಿ ಕನ್ನಡಕ್ಕೆ ತಿರುಗಲಿಲ್ಲ. ಅದನ್ನು ಗಮನಿಸಿದ್ದು ನಾನಲ್ಲ, ಅಮ್ಮ. ರಾತ್ರಿ ಮಲಗುವಾಗ ಹೇಳಿದಳು.

ಈ ಸಲವೂ ನೇಮ ಇತ್ತು. ನನ್ನ ಸರದಿ ಬಂದಾಗ ಕಿವಿಯನ್ನೆಲ್ಲ ಅಲ್ಲೇ ಇಟ್ಟು ನಿಂತೆ. ಅಪ್ಪೆ ಸಿಕ್ಕಿತು. ಬಾಲೆ ಸಿಕ್ಕಿತು, ಅದು ಮಗಳ ಬಗ್ಗೆ. ಬೊಲ್ಪು ಅಂದರೆ ಬೆಳಕು, ಅದು ಎರಡು ಸಲ ಬಂತು. ನಾಲ್ಕರಲ್ಲಿ ಒಂದು ಪಾಲು ಹಿಡಿದಿರಬಹುದು. ನಡುವೆ ಒಂದು ದೊಡ್ಡ ಮಾತು ಇತ್ತು, ಎಲ್ಲರೂ ಕೈಮುಗಿದರು, ಅದು ಮಾತ್ರ ಎಲ್ಲೂ ಸಿಗಲಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ಅಕ್ಕನನ್ನು ಹಿಡಿದೆ, ಈ ಸಲ ತಪ್ಪಿಸಿಕೊಳ್ಳಬೇಡ, ಆ ನಡುವೆ ಬಂತಲ್ಲ, ಅದು ಏನು ಅಂತ. ಅಕ್ಕ ಸುತ್ತ ನೋಡಿ, ಸ್ವರ ತಗ್ಗಿಸಿ, "ಅದೆಲ್ಲ ಹಳೇ ತುಳು ಮಾರಾಯ್ತಿ, ನಂಗೂ ಅರ್ಥ ಆಗುದಿಲ್ಲ. ಹೋದ ಸಲವೂ ಆಗಿರ್ಲಿಲ್ಲ" ಅಂದಳು. ಮಾಮನನ್ನು ಕೇಳಿದೆವು. ಮಾಮ ಅರ್ಧ ಹೇಳಿ, ಉಳಿದರ್ಧ ಅವರ ಅಣ್ಣ ಇದ್ದಿದ್ದರೆ ಹೇಳುತ್ತಿದ್ದರು ಅಂದರು.

ದೈವದ ನುಡಿಯ ತುಳು, ಪಾಡ್ದನ ಅನ್ನುವ ಹಳೆಯ ಹಾಡುಗತೆಗಳ ತುಳು ಕಲಿಸುವ ಬ್ಯಾಚು ಮಾಡಿದರೆ ನಾವಿಬ್ಬರು ಖಂಡಿತ ಸೇರುತ್ತೇವೆ ಅಂತ ಮೇಷ್ಟ್ರಿಗೆ ಮೆಸೇಜ್ ಹಾಕಿದ್ದೇನೆ. ಅಕ್ಕನನ್ನು ಇನ್ನೂ ಕೇಳಿಲ್ಲ.